ಮಾವನವರ ಜರ್ಮನ್

ಹುಬ್ಬಳ್ಳಿ,
ಶುಕ್ರವಾರ, ೧೨ ಏಪ್ರಿಲ್ ೧೯೩೫

ಪುಣೆಯಲ್ಲಿರುವ ನನ್ನ ಗಿಡಿಯನ್ನರಿಗೆ ದೀನಾ ಮಾಡುವ ಸಲಾಮುಗಳು.

ನಾನು ಚೆನ್ನಾಗಿದ್ದೇನೆ. ಶಾಲೆಗೆ ರಜೆ ಬಿಟ್ಟಿದೆ. ಬಿಸಿಲು ಹುಬ್ಬಳ್ಳಿಗೆ ತಕ್ಕಂತೆ ಇದೆ. ನೀವು ಹೇಗಿದ್ದೀರಿ ಎಂದು ಕೇಳುವುದಿಲ್ಲ. ಕೇಳಿದರೆ "ಕ್ಷೇಮ" ಎಂದು ಒಂದೇ ಶಬ್ದ ಬರೆದು, ಉಳಿದ ಪುಟವನ್ನೆಲ್ಲ ಇಲೆಕ್ಟ್ರಾನಿಗೆ ಕೊಟ್ಟುಬಿಡುತ್ತೀರಿ.

ಬೀಟಾ ಕಿರಣಗಳ ಹೊಸ ಸಿದ್ಧಾಂತದ ಬಗ್ಗೆ ನೀವು ಕೈಯಿಂದ ನಕಲು ಮಾಡಿ ಕಳಿಸಿದ್ದ ಜರ್ಮನ್ ಲೇಖನದ ಕನ್ನಡ ಭಾಷಾಂತರ ಈ ಪತ್ರದ ಜೊತೆಗಿದೆ. ಮಿಷನ್ ಬಂಗಲೆಯ ಸ್ವಿಸ್ ಮಿಷನರಿ ಬಾಯಿಯವರಿಗೆ ಕೊಟ್ಟು ಮಾಡಿಸು ಎಂದು ಬರೆದಿದ್ದಿರಿ. ಹಾಗೆ ಮಾಡಲಿಲ್ಲ. ಹುಬ್ಬಳ್ಳಿಯಲ್ಲಿ ಜರ್ಮನ್ ಓದಬಲ್ಲವರು ನನಗೆ ತಿಳಿದಮಟ್ಟಿಗೆ ಇಬ್ಬರೇ. ಆ ಬಾಯಿಯವರು ಬೇಸಿಗೆಗೆ ನೀಲಗಿರಿಗೆ ಹೋಗಿದ್ದಾರೆ. ಹೋಗದೆ ಇಲ್ಲೇ ಇದ್ದಿದ್ದರೂ ನಾನು ಎರಡನೆಯವರಿಗೇ ಕೊಡುತ್ತಿದ್ದೆ. ಹೌದು, ನನ್ನ ಅಪ್ಪನಿಗೆ. ದಯವಿಟ್ಟು ಪತ್ರವನ್ನು ಇಲ್ಲಿಗೇ ಮಡಚಿ ಇಡಬೇಡಿ.

ಅಪ್ಪನಿಗೆ ಜರ್ಮನ್ ಬರುತ್ತದೆಂದು ನಿಮಗೆ ಗೊತ್ತಿತ್ತೋ ಇಲ್ಲವೋ ನಾನರಿಯೆ. ಅವರ ಚಿಕ್ಕಂದಿನಲ್ಲಿ ಧಾರವಾಡದ ಮಿಷನ್ ಬಂಗಲೆಯಲ್ಲಿ ಒಬ್ಬ ಮುದಿ ಜರ್ಮನ್ ಪಾದ್ರಿ ದೊರೆಗೆ ಕಣ್ಣು ಮಂಜಾಗಿತ್ತಂತೆ. ಅವರಿಗೆ ಊರಿನಿಂದ ಬಂದ ಪತ್ರಿಕೆಗಳನ್ನು ಓದಿ ಹೇಳುವುದಕ್ಕೆಂದೇ ಅಪ್ಪನಿಗೆ ಆ ಭಾಷೆ ಕಲಿಸಿದರಂತೆ. ಉಚ್ಚಾರ ತಪ್ಪಿದರೆ ದೊರೆ ಕೋಲಿನಿಂದ ನೆಲ ಕುಟ್ಟುತ್ತಿದ್ದರಂತೆ. ಆದ್ದರಿಂದ ಇವತ್ತಿಗೂ ಅಪ್ಪ ಜರ್ಮನ್ ಓದುವಾಗ ಬೆನ್ನು ನೆಟ್ಟಗೆ ಮಾಡಿಕೊಂಡು ಕೂಡುತ್ತಾರೆ.

ನಿಮ್ಮ ಹಾಳೆಗಳನ್ನು ಅವರ ಮೇಜಿನ ಮೇಲಿಟ್ಟು, ಯಾರದೆಂದು ಹೇಳದೆ, ಅಡಿಗೆಮನೆಗೆ ಬಂದುಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಕೂಗಿದರು. ಹೋದರೆ ಕನ್ನಡಕ ಹಣೆಯ ಮೇಲೆ ಏರಿತ್ತು. "ಇದನ್ನ ಬರದಾವ ನಿನ್ನ ಗಂಡ. ಜರ್ಮನ್ ಅಕ್ಷರಾ ನೋಡಿ ಬರಿಯೂದೂ ಬರೂದಿಲ್ಲ ಅವಗ. ಒಂದೊಂದು ಸಾಲಿನ್ಯಾಗ ಒಂದೊಂದು ತಪ್ಪು ಅದಾವ" ಅಂದರು. ಆಮೇಲೆ ಇನ್ನೊಂದು ಕೇಳಿದರು: "ಅಲ್ಲವಾ, ಪುಣ್ಯಾದಾಗ ಅಷ್ಟು ದೊಡ್ಡ ದೊಡ್ಡ ಕಾಲೇಜು ಅದಾವ. ಜರ್ಮನ್ ಓದಾವ್ರು ಒಬ್ಬರೂ ಉಳದಿಲ್ಲೇನು? ಇದು ಹುಬ್ಬಳ್ಳಿಗೆ ಯಾಕ ಬಂತು?"

ಈ ಪ್ರಶ್ನೆಗೆ ಉತ್ತರ ನಿಮ್ಮ ಹತ್ತಿರ ಇದ್ದರೆ ಎಂದಾದರೂ ಅವರಿಗೇ ಹೇಳಿ. ಅಪ್ಪ ಮಾತ್ರ ಅಂದಿನಿಂದ ಲೆಂಟ್ ಉಪವಾಸದ ಕಾಲವೆಲ್ಲ, ಮಧ್ಯಾಹ್ನದ ಊಟವಾದ ಮೇಲೆ, ಮಲಗುವುದನ್ನು ಬಿಟ್ಟು ಅದರ ಮುಂದೆ ಕೂತರು. ಆಲಿಸ್ ಅತ್ತೆ ಪಡಸಾಲೆಯಲ್ಲಿ ಕಸೂತಿ ಹಾಕುತ್ತ, "ಎಲ್ಲಾರೂ ಲೆಂಟಿನ್ಯಾಗ ಮಾಂಸಾ ಬಿಡತಾರ, ನಮ್ಮಣ್ಣ ನಿದ್ದಿ ಬಿಟ್ಟಾನ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಅತ್ತೆಗೆ ತನ್ನ ಅಣ್ಣನನ್ನು ಹಂಗಿಸುವುದೆಂದರೆ ಹಬ್ಬದೂಟವಿದ್ದಂತೆ.

ಈಗ ಹೋದ ಜೂನ್ ತಿಂಗಳ ಮಾತು. ನಿಮಗೆ ಗೊತ್ತಿರುವುದನ್ನೇ ಹೇಳುತ್ತೇನೆ, ಕೇಳಬೇಕು. ನೀವು ಅದನ್ನು ಗಂಡಸರ ಸಾಲಿನಿಂದ ನೋಡಿದ್ದೀರಿ. ನಾನು ಹೆಂಗಸರ ಸಾಲಿನಿಂದ ನೋಡಿದ್ದೇನೆ. ಅಲ್ಲಿಂದ ಇಬ್ಬರ ಮುಖವೂ ಕಾಣುತ್ತದೆ.

ನೀವು ನಮ್ಮ ಯುವಕರ ಸಂಘದಲ್ಲಿ ಭಾಷಣ ಮಾಡಿದ ದಿನ ಅಪ್ಪ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ನಮ್ಮ ಚರ್ಚಿನ ಸಭಾಪಾಲಕರೆಂದಲ್ಲ, ಮಾವನೆಂದು. ಅಳಿಯ ಧಾರವಾಡದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾನೆಂಬ ಹೆಮ್ಮೆ ಅವರ ಹೊಸ ಕೋಟಿನಲ್ಲೇ ಕಾಣುತ್ತಿತ್ತು. ನೀವು ಸರಳವಾಗಿಯೇ ಹೇಳಿದಿರಿ. ರೇಡಿಯಮ್ಮಿನಂಥ ಧಾತುಗಳ ಪರಮಾಣುವಿನ ತಿರುಳಿನಿಂದ ಇಲೆಕ್ಟ್ರಾನುಗಳು ಹಾರಿಬರುತ್ತವೆ, ಅವೇ ಬೀಟಾ ಕಿರಣ. ಧಾತು ಒಂದೇ, ಆಗುವ ಬದಲಾವಣೆ ಒಂದೇ, ಆದರೂ ಒಂದು ಇಲೆಕ್ಟ್ರಾನ್ ಜೋರಾಗಿ ಬರುತ್ತದೆ, ಇನ್ನೊಂದು ಮೆಲ್ಲಗೆ ಬರುತ್ತದೆ. ಮೆಲ್ಲಗೆ ಬಂದದ್ದರ ಉಳಿದ ಶಕ್ತಿ ಎಲ್ಲಿಗೆ ಹೋಯಿತು? ಇಂಗ್ಲಂಡಿನಲ್ಲಿ ಅದನ್ನು ಸೀಸದೊಳಗೆ ಮುಚ್ಚಿಟ್ಟು ಅದರ ಶಾಖವನ್ನೂ ಅಳೆದು ನೋಡಿದರು. ಕಡಿಮೆ ಬಿದ್ದದ್ದು ಸಿಗಲಿಲ್ಲ. ಶಕ್ತಿ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂಬ ನಿಯಮ ಆ ತಿರುಳಿನೊಳಗೆ ನಡೆಯುವುದಿಲ್ಲವೋ ಏನೋ ಎಂದು ಯುರೋಪಿನ ದೊಡ್ಡವರೊಬ್ಬರು ಅನುಮಾನಪಟ್ಟಿದ್ದಾರೆ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಜನ ಬಾಯಿ ಬಿಟ್ಟುಕೊಂಡು ಕೇಳುತ್ತಿರುವುದನ್ನು ನೋಡಿ ನಿಮಗೂ ಉಮೇದಿ ಬಂತು. ಕೈ ಎತ್ತಿ, "ನಿಯಮಾ ಮುರದು ಬಿದ್ದೈತಿ ಅಂತನ ತಿಳೀರಿ!" ಅಂದುಬಿಟ್ಟಿರಿ. ಎಲ್ಲರೂ ಚಪ್ಪಾಳೆ ಹೊಡೆದರು. ಎಲ್ಲರಿಗಿಂತ ಜೋರಾಗಿ ಅಪ್ಪ ಹೊಡೆದರು.

ಮರುವಾರವೇ ಅಪ್ಪ ಪ್ರಸಂಗಪೀಠ ಹತ್ತಿ, ಲೋಕದ ಜ್ಞಾನಿಗಳ ನಿಯಮ ಮುರಿದುಬಿದ್ದಿದೆ, ಕರ್ತನ ನಿಯಮ ಒಂದೇ ನಿಂತಿದೆ, ಇದಕ್ಕೆ ನಮ್ಮ ಅಳಿಯಂದಿರೇ ಸಾಕ್ಷಿ ಎಂದರು. ಸಭೆಯಲ್ಲಿ ಎಂಥ ಸಂತೋಷ! ಗಿರಣಿಗೆ ಹೋಗುವವರು, ಹೊಲಿಗೆಯವರು, ಜನ್ಮದಲ್ಲಿ ಶಕ್ತಿಯ ನಿಯಮದ ಹೆಸರು ಕೇಳದವರು ಕೂಡ ಅದು ಮುರಿಯಿತೆಂದು ಹಿಗ್ಗಿದರು. ಆಗ ನೀವು ಎದ್ದು ನಿಂತಿರಿ. ನಮ್ಮ ಚರ್ಚಿನಲ್ಲಿ ಪ್ರಸಂಗದ ನಡುವೆ ತಲೆಸುತ್ತು ಬಂದವರು ಬಿಟ್ಟರೆ ಯಾರೂ ಎದ್ದದ್ದಿಲ್ಲ. "ಅಯ್ಯನವರ, ಅದನ್ನ ಹಂಗ ಹೇಳಬ್ಯಾಡ್ರಿ. ನಿಯಮಾ ಮುರದೈತಿ ಅಂತ ಯಾರೂ ಸಿದ್ಧ ಮಾಡಿಲ್ಲ. ನಮಗ ಕಾಣಲಾರದ್ದು ಏನರೆ ಹೊರಗ ಹೋಗಿರಬೇಕು" ಅಂದಿರಿ. ಅಪ್ಪನ ಮುಖ ಕೆಂಪಗಾಯಿತು. "ಕೂಡ್ರೋ" ಅಂದರು, ಭಾನುವಾರದ ಶಾಲೆಯ ಹುಡುಗನಿಗೆ ಅಂದ ಹಾಗೆ. ನೀವು ಕೂಡಲಿಲ್ಲ. ನಡುದಾರಿಯಲ್ಲಿ ಬೂಟು ಸದ್ದು ಮಾಡುತ್ತ ಹೊರಟೇ ಹೋದಿರಿ.

ಅದೇ ವಾರ ಪುಣೆಯ ಕೆಲಸ ಒಪ್ಪಿಕೊಂಡು ರೈಲು ಹತ್ತಿದಿರಿ. ಸ್ಟೇಷನ್ನಿನಲ್ಲಿ, "ನೀ ಬರ್ತೀಯೋ ಇಲ್ಲೋ?" ಎಂದು ಕೇಳಿದಿರಿ. ನಾನು ಬಾಯಿ ಬಿಡಲಿಲ್ಲ. ಅಪ್ಪನ ಪಕ್ಷ ಹಿಡಿದಳು ಎಂದು ತಿಳಿದುಕೊಂಡಿರಿ. ಇಲ್ಲರೀ. ಆ ಹೊತ್ತು ನನಗೆ ನಿಮ್ಮಿಬ್ಬರ ಮೇಲೂ ಕೆಟ್ಟ ಸಿಟ್ಟಿತ್ತು. ನಿಯಮ ಮುರಿದರೆ ಮುರಿಯಲಿ, ಉಳಿದರೆ ಉಳಿಯಲಿ, ಆ ಭಾನುವಾರ ಮನೆಯಲ್ಲಿ ನಾನು ಪುಲಾವು ಮಾಡಿಟ್ಟಿದ್ದೆ. ಒಬ್ಬ ಗಂಡಸೂ ಊಟಕ್ಕೆ ಬರಲಿಲ್ಲ. ನಾನೂ ಅತ್ತೆಯೂ ಎರಡು ದಿನ ಅದನ್ನೇ ಬಿಸಿ ಮಾಡಿ ತಿಂದೆವು. ನಗಬೇಡಿ, ಈಗಲೂ ನನಗೆ ಆ ಸಿಟ್ಟು ಪೂರ್ತಿ ಹೋಗಿಲ್ಲ.

ಭಾಷಾಂತರದ ವಿಷಯಕ್ಕೆ ಬರುತ್ತೇನೆ. ನಡುನಡುವೆ ಬರುವ ಗಣಿತವನ್ನು ಅಪ್ಪ ಮುಟ್ಟಿಲ್ಲ, ಇದ್ದದ್ದನ್ನು ಇದ್ದಲ್ಲೇ ಇಟ್ಟಿದ್ದಾರೆ. ನೀವು ನಕಲು ಮಾಡುವಾಗ ಒಂದು ಸಾಲು ಬಿಟ್ಟಿರಬೇಕು ಎಂದು ಒಂದು ಕಡೆ ಅನುಮಾನ ಬರೆದಿದ್ದಾರೆ, ನೋಡಿಕೊಳ್ಳಿ. ಶುದ್ಧ ಪ್ರತಿ ತೆಗೆದವಳು ನಾನು. ಹಾಗಾಗಿ ನಿಮ್ಮ ವಿದ್ಯೆಯಲ್ಲಿ ಒಂದು ಪಾಲು ನನಗೂ ಬಂದಿದೆ.

ಅಪ್ಪ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತದ್ದು ಒಂದು ವಾಕ್ಯದ ಮೇಲೆ. ಇಲೆಕ್ಟ್ರಾನ್ ತಿರುಳಿನೊಳಗೆ ಮೊದಲೇ ಕೂತಿರುವುದಿಲ್ಲ. ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಬದಲಾಗುವ ಗಳಿಗೆಯಲ್ಲೇ ಇಲೆಕ್ಟ್ರಾನೂ ಅದರ ಜೊತೆಗೊಂದು ನ್ಯೂಟ್ರಿನೋವೂ ಹುಟ್ಟಿ, ಇದ್ದ ಶಕ್ತಿಯನ್ನು ತಮ್ಮೊಳಗೆ ಹಂಚಿಕೊಂಡು ಹೊರಡುತ್ತವೆ. ಇಲೆಕ್ಟ್ರಾನಿಗೆ ಒಮ್ಮೆ ಹೆಚ್ಚು ಬರುತ್ತದೆ, ಒಮ್ಮೆ ಕಡಿಮೆ. ಕಡಿಮೆ ಬಿದ್ದದ್ದೆಲ್ಲ ನ್ಯೂಟ್ರಿನೋದ ಪಾಲು. ಅದಕ್ಕೆ ವಿದ್ಯುತ್ತಿಲ್ಲ, ತೂಕ ಇಲ್ಲವೆನ್ನುವಷ್ಟು ಕಡಿಮೆ, ಇಡೀ ಭೂಮಿಯನ್ನು ಅಡ್ಡ ಇಟ್ಟರೂ ತಡವಿಲ್ಲದೆ ದಾಟಿಹೋಗುತ್ತದೆ. ಸೀಸದ ಗೋಡೆ ಅದಕ್ಕೆ ಯಾವ ಲೆಕ್ಕ? ನಿಮ್ಮ ಇಂಗ್ಲಂಡಿನವರಿಗೆ ಕಳೆದುಹೋದದ್ದು ಸಿಗಲಿಲ್ಲವೆಂಬುದು ಈಗ ನನಗೂ ಸೋಜಿಗವಲ್ಲ.

"ಇಲ್ಲದ್ದು ಹೆಂಗವಾ ಹೊರಗ ಬರತೈತಿ?" ಎಂದು ಅಪ್ಪ ಆ ವಾಕ್ಯವನ್ನು ಹಿಡಿದುಕೊಂಡು ಊಟದ ಹೊತ್ತಿಗೂ ಕೂತರು. ಆಲಿಸತ್ತೆ ಚಟ್ನಿ ಬಡಿಸುತ್ತ ಅಂದಳು: "ಬಾಯಾಗ ಮಾತು ಮೊದಲ ಕುಂತಿರತಾವೇನಣ್ಣಾ? ನೀ ಚರ್ಚಿನ್ಯಾಗ ಅಳಿಯಗ ಅಂದಿ ನೋಡು, ಆ ಮಾತು ಆಡೂ ಮೊದಲ ನಿನ್ನ ಹೊಟ್ಟಿಯಾಗಿತ್ತೇನು?" ಅಪ್ಪ ತಲೆ ಎತ್ತಲಿಲ್ಲ. ರೊಟ್ಟಿ ಮುರಿಯುತ್ತ, "ಇಲ್ಲವಾ, ಇರಲಿಲ್ಲ" ಅಂದರು. ಅಷ್ಟೇ. ಊಟ ಮುಗಿಸಿ ಹೋಗಿ ಆ ವಾಕ್ಯವನ್ನು ಭಾಷಾಂತರಿಸಿದರು. ಇಡೀ ಲೇಖನದಲ್ಲಿ ಅದೇ ಎಲ್ಲಕ್ಕಿಂತ ಚೊಕ್ಕವಾದ ಕನ್ನಡ.

ಇನ್ನೊಂದು ಕಡೆ ಮಾತ್ರ ಮಕ್ಕಳ ಹಾಗೆ ಖುಷಿಪಟ್ಟರು. ಈ ಬದಲಾವಣೆ ಮಾಡಿಸುವ ಬಲ ಎಷ್ಟು ಕ್ಷೀಣವೆಂದರೆ, ಒಂದೊಂದು ಪರಮಾಣು ಬದಲಾಗಲು ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಆದರೆ ಬದಲಾದ ಮೇಲೆ ಧಾತುವಿನ ಜಾತಿಯೇ ಬೇರೆ, ತೂಕ ಮಾತ್ರ ಹೆಚ್ಚುಕಡಿಮೆ ಅಷ್ಟೇ. ಅಪ್ಪ ತೊಡೆ ತಟ್ಟಿಕೊಂಡು ನಕ್ಕರು: "ನಮ್ಮಜ್ಜನೂ ಹಿಂಗ ನೋಡು. ದೊರೆಗಳು ಹೇಳಿ ಹೇಳಿ ಹಲ್ಲು ಬಿದ್ದ ಮ್ಯಾಲೆ ಒಂದಿನ ಜಾತಿ ಬದಲಿ ಮಾಡಿದಾ. ತೂಕಾ ಇದ್ದಷ್ಟ ಇತ್ತು." ನೀವು ಹೋದ ಮೇಲೆ ಅಪ್ಪ ಹಾಗೆ ನಕ್ಕದ್ದು ಅದೇ ಮೊದಲು. ನೀವು ಎದುರಿಗಿದ್ದಿದ್ದರೆ ಎಂದು ನನಗೆ ಎಷ್ಟು ಅನ್ನಿಸಿತು, ಹೇಳಲಾರೆ.

ಕೆಲಸ ಮುಗಿಯುತ್ತ ಬಂದಾಗ ನಮ್ಮ ಮನೆಗೆ ಬರಬಾರದ ಗಂಡಾಂತರವೊಂದು ಬಂದು ಹೋಯಿತು. ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರಕ್ಕೆ ಅಪ್ಪ ಪ್ರಸಂಗ ಬರೆಯಲು ಕೂತಿದ್ದರು. ಹಿಂದೆ ಹೋಗಿ ಇಣುಕಿದೆ. ಕಾಣದ ಕಣವನ್ನು ಲೋಕದ ಜ್ಞಾನಿಗಳೇ ನಂಬಬೇಕಾಯಿತು, ಹಾಗಾದರೆ ಕಾಣದ ಪವಿತ್ರಾತ್ಮನನ್ನು ನಂಬಲು ನಮಗೇನು ಅಡ್ಡಿ ಎಂದು ಆಗಲೇ ಒಂದು ಪುಟ ಬರೆದಿದ್ದರು. ಮೊದಲ ಸಲ ನಿಯಮ ಮುರಿಯಿತೆಂದು ಕುಣಿದರು, ಈಗ ಅದೇ ನಿಯಮ ಉಳಿಯಿತೆಂದು ಕುಣಿಯಲು ಹೊರಟಿದ್ದರು.

"ಅಪ್ಪಾ, ಆ ಕಣಾ ಇನ್ನೂ ಯಾರಿಗೂ ಸಿಕ್ಕಿಲ್ಲ. ನಾಳೆ ಹುಡುಕಿದಾಗ ಅದು ಇಲ್ಲಂತ ಆತಂದ್ರ ಏನ್ಮಾಡ್ತಿ? ಸಿಕ್ಕು ಎಲ್ಲಾರ ಕಣ್ಣಿಗೂ ಕಂಡಿತಂದ್ರ ಪವಿತ್ರಾತ್ಮನ್ನ ಎಲ್ಲಿಡ್ತಿ?" ಎಂದು ಕೇಳಿಯೇಬಿಟ್ಟೆ. ಅಪ್ಪ ನನ್ನನ್ನೇ ನೋಡಿದರು. ಬೈಯುತ್ತಾರೆಂದು ಬಾಗಿಲ ಕಡೆ ಸರಿದೆ. ಅವರು ಬೈಯಲಿಲ್ಲ. "ಇದನ್ನ ನಿನಗ ಅವ ಹೇಳಿಕೊಟ್ಟಾನೇನು?" ಅಂದರು. ಇಲ್ಲ, ನನ್ನದೇ ಎಂದೆ. ಆ ಪುಟವನ್ನು ಹರಿದು ಒಲೆಗೆ ಹಾಕಲು ನನ್ನ ಕೈಗೇ ಕೊಟ್ಟರು. ಆಮೇಲೆ ಮೆಲ್ಲಗೆ ಅಂದರು: "ಅವನೂ ಅವತ್ತ ಇದನ್ನ ಹೇಳಾಕ ಎದ್ದಿದ್ದಾ. ನಾ ಕೇಳಿಸಿಕೊಳ್ಳಲಿಲ್ಲ."

ಇದನ್ನು ನಿಮಗೆ ಬರೆಯಲು ಅವರು ಹೇಳಿಲ್ಲ. ಈ ಪತ್ರ ಬರೆಯುತ್ತಿರುವುದೂ ಅವರಿಗೆ ಗೊತ್ತಿಲ್ಲ. ತಪ್ಪಾಯಿತು ಎಂದು ಅವರಿಂದ ಕಾಗದ ಬರುತ್ತದೆಂದು ನೀವು ಕಾಯುತ್ತಿದ್ದರೆ, ಅದು ಬರುವುದಿಲ್ಲ. ಅಪ್ಪ ಅಂಥ ಕಾಗದ ಬರೆಯುವ ಮನುಷ್ಯರಲ್ಲ. ಬರೆಯಬಲ್ಲದ್ದನ್ನು ಬರೆದಿದ್ದಾರೆ, ಅದು ನಿಮ್ಮ ಕೈಯಲ್ಲಿದೆ. ಒಂದೊಂದು ಅಕ್ಷರ ಹೇಗೆ ತಿದ್ದಿದ್ದಾರೆಂದು ಕರಡನ್ನು ನೋಡಿದ ನನಗೆ ಗೊತ್ತು.

ಒಂದು ಮಾತನ್ನು ಹೇಳಬಾರದೆಂದು ಇಷ್ಟು ದಿನ ತಡೆದಿದ್ದೆ. ಹೇಳಿಬಿಡುತ್ತೇನೆ. ನಮ್ಮ ಸಭೆಯ ಪದ್ಧತಿ ನಿಮಗೆ ತಿಳಿದೇ ಇದೆ. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ರಾತ್ರಿಭೋಜನಕ್ಕೆ ಮುಂಚೆ ಪ್ರತಿಯೊಬ್ಬರೂ ಅಯ್ಯನವರ ಎದುರು ಬಂದು ಹೆಸರು ಹೇಳಬೇಕು. ಯಾರ ಸಂಗಡವಾದರೂ ಮನಸ್ತಾಪವಿದ್ದರೆ ಅಪ್ಪ ಹೆಸರು ಬರೆದುಕೊಳ್ಳುವುದಿಲ್ಲ, ಮೊದಲು ಅವರ ಮನೆಗೆ ಹೋಗಿ ಸಮಾಧಾನ ಮಾಡಿಕೊಂಡು ಬಾ ಎಂದು ತಿರುಗಿ ಕಳಿಸುತ್ತಾರೆ. ಒಂದು ಕೋಳಿಯ ಸಲುವಾಗಿ ಮಾತು ಬಿಟ್ಟಿದ್ದ ಅಕ್ಕತಂಗಿಯರನ್ನು ಕೂಡ ಹಾಗೆ ಕಳಿಸಿದವರು ಅವರು. ಆದರೆ ಅಯ್ಯನವರು ಯಾರ ಎದುರು ಹೆಸರು ಹೇಳಬೇಕು?

ನೀವು ಹೋದಂದಿನಿಂದ ಅಪ್ಪ ಭೋಜನದ ಮೇಜಿನಲ್ಲಿ ಎಲ್ಲರಿಗೂ ರೊಟ್ಟಿ ಮುರಿದು ಕೊಡುತ್ತಾರೆ. ತಾವು ತಿನ್ನುವುದಿಲ್ಲ. ಬಟ್ಟಲನ್ನು ಎತ್ತಿ ಹಿಡಿಯುತ್ತಾರೆ, ತುಟಿಗೆ ತಾಗಿಸದೆ ಕೆಳಗಿಡುತ್ತಾರೆ. ಸಭೆಗೆ ಇದು ತಿಳಿದಿಲ್ಲ. ಹೆಂಗಸರ ಸಾಲಿನ ತುದಿಯಲ್ಲಿ ಕೂಡುವ ನನಗೆ ಮಾತ್ರ ಕಾಣುತ್ತದೆ. ಕ್ರಿಸ್ಮಸ್ಸಿಗೂ ಹಾಗೇ ಮಾಡಿದರು. ಇಡೀ ಜೀವನ ಆ ಮೇಜಿನ ಹತ್ತಿರ ಕಳೆದ ಮನುಷ್ಯ ಹಸಿದುಕೊಂಡು ತಿರುಗಿ ಬರುವುದನ್ನು ನೋಡಿ ನನಗೆ ಅಲ್ಲೇ ಕಣ್ಣೀರು ಬಂತು. ಪಕ್ಕದವರು ಭಕ್ತಿ ಎಂದು ತಿಳಿದರು. ಬೇರೆಯವರಿಗೆ ಹಾಕಿದ ಕಟ್ಟಳೆಯನ್ನು ತಮಗೆ ಸಡಿಲಿಸಿಕೊಳ್ಳುವುದು ಅವರಿಗೆ ಬರುವುದಿಲ್ಲ.

ಬರುವ ಶುಕ್ರವಾರ ಶುಭ ಶುಕ್ರವಾರ, ಅಂದು ಮತ್ತೆ ಭೋಜನವಿದೆ. ಅಷ್ಟರೊಳಗೆ ನೀವು ಬರಬೇಕು. ಅಪ್ಪನ ಸಲುವಾಗಿ ಎಂದು ಇಷ್ಟು ಹೊತ್ತು ಬರೆದೆ, ಪೂರ್ತಿ ಖರೆ ಅಲ್ಲ. ನನ್ನ ಸಲುವಾಗಿ ಬರ್ರಿ. ನಿಮ್ಮ ನ್ಯೂಟ್ರಿನೋ ಯಾರಿಗೂ ಕಾಣುವುದಿಲ್ಲ, ಆದರೆ ನಮ್ಮ ಮನೆಯಲ್ಲಿ ಕಡಿಮೆ ಬಿದ್ದದ್ದು ಏನೆಂದು ನನಗೆ ಚೆನ್ನಾಗಿ ಕಾಣುತ್ತದೆ. ಅದು ಕನ್ನಡಕ ಹಾಕಿಕೊಂಡು ಪುಣೆಯಲ್ಲಿ ಕೂತಿದೆ. ನೀವಿಲ್ಲದೆ ನನಗೆ ಯಾವುದೂ ಸೇರುವುದಿಲ್ಲ. ಹಬ್ಬ ಮುಗಿದ ಮೇಲೆ ನೀವು ಪುಣೆಗೆ ತಿರುಗಿ ಹೊರಟರೆ ನಾನೂ ಹೊರಡುತ್ತೇನೆ, ಈ ಸಲ ಕೇಳುವುದೂ ಬೇಡ. ಅಪ್ಪನಿಗೆ ಅತ್ತೆ ಇದ್ದಾಳೆ, ಬೈಯಲು ಜನ ಬೇಕಲ್ಲ ಅವಳಿಗೂ.

ಬಂದಾಗ ಮಾತು ಎಲ್ಲಿಂದ ಸುರು ಮಾಡಲಿ ಎಂದು ಹೆದರಬೇಡಿ. ಭಾಷಾಂತರದಲ್ಲಿ ತಪ್ಪು ಹುಡುಕಿಕೊಂಡು ಬನ್ನಿ. ಅಪ್ಪನಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇರೆ ಇಲ್ಲ.

ಎಂದೆಂದಿಗೂ ನಿಮ್ಮವಳೇ ಆದ,
ದೀನಾ

ತಾ. ಕ.
ಪುಣೆ, ಸೋಮವಾರ ಮುಂಜಾನೆ.

ಪತ್ರ ಅಂಚೆಗೆ ಬೀಳಲಿಲ್ಲ. ಶನಿವಾರ ಲಕೋಟೆಯ ಮೇಲೆ ನಿಮ್ಮ ವಿಳಾಸ ಬರೆಯುತ್ತಿದ್ದಾಗ ಅಪ್ಪ ಬಂದು ನಿಂತರು. ಕೈಯಲ್ಲಿ ಟೊಪ್ಪಿಗೆ ಇತ್ತು. "ಟಪಾಲಿಗೆ ಹಾಕಬ್ಯಾಡವಾ. ಜಗಳಾ ಆಡಿದವರನ್ನೆಲ್ಲಾ ನಾ ಅವರವರ ಮನಿಗೆ ನಡಸೇನಿ. ಈಗ ನಾನ ನಡೀಬೇಕಲ್ಲಾ" ಅಂದರು. ಗರಿಗಳ ಭಾನುವಾರದ ಆರಾಧನೆ ಮುಗಿಸಿ, ಹಿರಿಯರು ಬಾಯಿ ಬಿಟ್ಟು ನೋಡುತ್ತಿದ್ದಂತೆ ರೈಲು ಹತ್ತಿದೆವು. ಕರ್ತನ ಶ್ರಮೆಯ ವಾರದಲ್ಲಿ ಸಭೆ ಬಿಟ್ಟು ಹೊರಟ ಅಯ್ಯನವರನ್ನು ಹುಬ್ಬಳ್ಳಿ ಇದೇ ಮೊದಲು ಕಂಡದ್ದು.

ಈ ಸಾಲುಗಳನ್ನು ನಿಮ್ಮ ಖೋಲಿಯ ಹೊಸ್ತಿಲ ಹೊರಗೆ, ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದೇನೆ. ಒಳಗೆ ನೀವು ಕೆಮ್ಮುವುದು ಕೇಳುತ್ತಿದೆ. ಬಾಗಿಲು ತಟ್ಟಲು ಹೋದರೆ ಅಪ್ಪ ಕೈ ಹಿಡಿದರು. "ಮೊದಲ ಓದ್ಲಿ. ಓದಿದ ಮ್ಯಾಲೆ ತೆಗೀಬೇಕಂತ ಅನಿಸಿದ್ರ ತೆಗೀಲಿ" ಎಂದು ಹೇಳಿ ಮೆಟ್ಟಿಲ ಕೆಳಗೆ ಹೋಗಿ ನಿಂತಿದ್ದಾರೆ. ರೈಲು ಮೀರಜ ದಾಟಿದಾಗಿನಿಂದ ನೀರೂ ಕುಡಿದಿಲ್ಲ. ಪತ್ರವನ್ನು ಬಾಗಿಲ ಕೆಳಗಿಂದ ತಳ್ಳುತ್ತಿದ್ದೇನೆ. ಭಾಷಾಂತರ ನನ್ನ ಕೈಯಲ್ಲೇ ಇದೆ, ಅದನ್ನು ಆಮೇಲೆ ಓದಿದರಾಯಿತು. ಬಾಗಿಲು ತೆಗೆಯಿರಿ.